ಡಿಬಗ್ಗರ್ ಬೇಕೋ, ರೈಸ್ ನೋಟಿಸ್ ಸಾಕೋ?

ಗಂಗಾವತಿ, ಸಿಂಧನೂರು ಕಡೆ ಭತ್ತದ ಮಾತು 75 ಕೆಜಿ ಚೀಲದ ಲೆಕ್ಕದಲ್ಲಿ. ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ಕ್ವಿಂಟಲ್‌ಗೆ ತಿರುಗಿಸಬೇಕು. 130 ಚೀಲ ಅಂದರೆ 9,750 ಕೆಜಿ, 97.50 ಕ್ವಿಂಟಲ್. ಬಿಲ್ಲಿನಲ್ಲಿ ಬರೀ 97 ಬಂದರೆ, ಕ್ವಿಂಟಲ್‌ಗೆ 2,300 ರೂಪಾಯಿ ಹಿಡಿದರೂ ರೈತನಿಗೆ 1,150 ರೂಪಾಯಿ ಖೋತಾ. ಎರರ್ ಮಾತ್ರ ಎಲ್ಲೂ ಇಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಂದು ಪ್ರೊಸೀಜರ್‌ನಲ್ಲಿ (ಡೇಟಾಬೇಸ್ ಒಳಗೇ ಓಡುವ ಕೋಡ್) ಬೇಕೆಂದೇ ಈ ತಪ್ಪು ಇಟ್ಟು ಎರಡು ದಾರಿಯಲ್ಲಿ ಹುಡುಕಿ ನೋಡಿದ್ದೇವೆ: ಕೋಡನ್ನು ಸಾಲು ಸಾಲಾಗಿ ನಿಲ್ಲಿಸಿ ನೋಡುವ ಡಿಬಗ್ಗರ್, ನಡುವೆ ಸಂದೇಶ ತೋರಿಸುವ ರೈಸ್ ನೋಟಿಸ್.

ಡಿಬಗ್ಗರ್‌ಗೆ ಮೊದಲು ತಯಾರಿ ಬೇಕು. ಪೋಸ್ಟ್‌ಗ್ರೆಸ್‌ನ ಡಿಬಗ್ಗರ್ ಆದ ಪಿಎಲ್‌ಡಿಬಗ್ಗರ್ ಇನ್‌ಸ್ಟಾಲ್ ಮಾಡಿ, ಕಾನ್ಫಿಗ್ ಫೈಲ್‌ನ ಶೇರ್ಡ್ ಪ್ರೀಲೋಡ್ ಲೈಬ್ರರೀಸ್ ಸಾಲಿಗೆ ಪ್ಲಗಿನ್ ಡಿಬಗ್ಗರ್ ಸೇರಿಸಿ ಸರ್ವರ್ ರೀಸ್ಟಾರ್ಟ್ ಮಾಡಬೇಕು, ರೀಲೋಡ್ ಸಾಲದು. ಆಮೇಲೆ ಆ ಡೇಟಾಬೇಸ್‌ನಲ್ಲೇ ಪಿಎಲ್‌ಡಿಬಿಜಿಎಪಿಐ ಎಕ್ಸ್‌ಟೆನ್ಶನ್ ಕ್ರಿಯೇಟ್ ಮಾಡಬೇಕು, ಸೂಪರ್‌ಯೂಸರ್ ಆಗಿ. ಇದೆಲ್ಲ ಆದರೆ ಪೋಸ್ಟ್‌ಗ್ರೆಸ್ ನೋಡಿಕೊಳ್ಳುವ ಪಿಜಿಅಡ್ಮಿನ್ ಸಾಫ್ಟ್‌ವೇರ್‌ನಲ್ಲಿ ಪ್ರೊಸೀಜರ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಡಿಬಗ್ ಆಯ್ಕೆ ಸಿಗುತ್ತದೆ. ಚೀಲದ ಸಂಖ್ಯೆ ಕೊಟ್ಟು ಒಂದೊಂದೇ ಸಾಲು ಓಡಿಸುವ ಸ್ಟೆಪ್ ಓವರ್ ಒತ್ತುತ್ತ ಹೋದರೆ ಕೆಜಿ ವೇರಿಯಬಲ್‌ನಲ್ಲಿ 9750 ಕಾಣುತ್ತದೆ. ಮುಂದಿನ ಸಾಲಿಗೆ ಕ್ವಿಂಟಲ್ 97. ಕ್ವಿಂಟಲ್ ನ್ಯೂಮರಿಕ್ (ದಶಮಾಂಶ ಹಿಡಿಯುವ ಬಗೆ) ಆಗಿದ್ದರೂ ಭಾಗಾಕಾರ ಇಂಟೀಜರ್‌ಗಳ (ಪೂರ್ಣಾಂಕಗಳ) ನಡುವೆಯೇ ಮುಗಿದಿರುತ್ತದೆ, ಉಳಿದ 50 ಕೆಜಿ ಅಲ್ಲೇ ಬಿದ್ದುಹೋಗುತ್ತದೆ. 100 ಇದ್ದಲ್ಲಿ 100.0 ಬರೆದರೆ ಸರಿಹೋಯಿತು. ಯಾವ ಸಾಲು ಎಂದು ಗೊತ್ತೇ ಇಲ್ಲದಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ಲೈವ್ ಸರ್ವರ್‌ನಲ್ಲಿ ಇದನ್ನು ಮುಟ್ಟಬೇಡಿ. ಬ್ರೇಕ್‌ಪಾಯಿಂಟ್‌ನಲ್ಲಿ (ಕೋಡ್ ನಿಲ್ಲಲು ಗುರುತಿಟ್ಟ ಸಾಲು) ನಿಂತಷ್ಟು ಹೊತ್ತೂ ಟ್ರಾನ್ಸಾಕ್ಷನ್, ಅಂದರೆ ಒಟ್ಟಿಗೆ ಉಳಿಯುವ ಇಲ್ಲವೇ ರದ್ದಾಗುವ ಕೆಲಸಗಳ ಗುಂಪು, ತೆರೆದೇ ಇರುತ್ತದೆ. ಅಪ್‌ಡೇಟ್ ಆದ ಸಾಲಿನ ಲಾಕ್ ಬಿಡುವುದಿಲ್ಲ, ಅದೇ ಸಾಲಿಗೆ ಬಂದ ಇನ್ನೊಬ್ಬರ ಎಂಟ್ರಿ ಕಾಯುತ್ತ ನಿಲ್ಲುತ್ತದೆ. ಯಾರು ಕರೆದರೂ ನಿಲ್ಲಿಸುವ ಗ್ಲೋಬಲ್ ಬ್ರೇಕ್‌ಪಾಯಿಂಟ್ ಇನ್ನೂ ಅಪಾಯ: ತೂಕದ ಕೌಂಟರ್‌ನವರು ಆ ಪ್ರೊಸೀಜರ್ ಕರೆದರೆ ಅವರ ಸ್ಕ್ರೀನೇ ನಿಂತುಬಿಡುತ್ತದೆ. ಡಿಬಗ್ಗರ್‌ನಲ್ಲಿ ಓಡಿಸಿದರೂ ಇನ್ಸರ್ಟ್, ಅಪ್‌ಡೇಟ್ ನಿಜವಾಗಿಯೇ ನಡೆಯುತ್ತವೆ. ಬ್ಯಾಕಪ್‌ನಿಂದ ಬೇರೆ ಕಾಪಿ ಎತ್ತಿ ಅದರಲ್ಲೇ ಮಾಡಿ.

ರೈಸ್ ನೋಟಿಸ್‌ಗೆ ತಯಾರಿಯೇ ಬೇಡ. ಅನುಮಾನದ ಸಾಲಿನ ಕೆಳಗೆ ಶೇಕಡಾ ಚಿಹ್ನೆ ಇಟ್ಟು ವೇರಿಯಬಲ್ ಹೆಸರು ಬರೆದರೆ ಮುಗಿಯಿತು. ಚಿಹ್ನೆ ಎಷ್ಟೋ ವೇರಿಯಬಲ್ ಅಷ್ಟೇ ಇರಬೇಕು, ಇಲ್ಲದಿದ್ದರೆ ಎರರ್. ಒಂದು ದೊಡ್ಡ ಅನುಕೂಲವಿದೆ: ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ (ರದ್ದು) ಆದರೂ ಸಂದೇಶ ಉಳಿಯುತ್ತದೆ. ಲಾಗ್ ಟೇಬಲ್‌ಗೆ ಇನ್ಸರ್ಟ್ ಮಾಡುವವರು ಇಲ್ಲೇ ಮೋಸಹೋಗುವುದು, ರೋಲ್‌ಬ್ಯಾಕ್ ಜೊತೆ ಆ ಸಾಲುಗಳೂ ಮಾಯ.

ಇನ್ನೊಂದು: ಸರ್ವರ್ ಲಾಗ್ ಮಟ್ಟ ಡೀಫಾಲ್ಟ್ ಆಗಿ ವಾರ್ನಿಂಗ್. ಹಾಗಾಗಿ ನೋಟಿಸ್ ಲಾಗ್ ಫೈಲ್‌ಗೆ ಹೋಗುವುದಿಲ್ಲ. ಅಪ್ಲಿಕೇಶನ್‌ನಿಂದ ಕರೆದಾಗ ಏನಾಗುತ್ತದೆ ನೋಡಬೇಕಾದರೆ ಲಾಗ್ ಫೈಲ್‌ಗೇ ಬರೆಯುವ ರೈಸ್ ಲಾಗ್ ಬಳಸಿ. ಲೈವ್‌ನಲ್ಲಿ ನಮ್ಮ ಆಯ್ಕೆ ಅದೇ.

ದೊಡ್ಡ ಜಾಯಿನ್ (ಟೇಬಲ್‌ಗಳ ಜೋಡಣೆ) ಇರುವ ಅಪ್‌ಡೇಟ್ ತಪ್ಪಿದ್ದರೆ ಎರಡೂ ಕೈಕೊಡುತ್ತವೆ. ಡಿಬಗ್ಗರ್‌ಗೆ ಇಡೀ ಸ್ಟೇಟ್‌ಮೆಂಟ್ ಒಂದೇ ಹೆಜ್ಜೆ. ಆ ಜಾಯಿನ್ ಹೊರತೆಗೆದು, ಸೆಲೆಕ್ಟ್ ಮಾಡಿ, ಚೀಲ ಎರಡೆರಡು ಸಲ ಬರುತ್ತಿವೆಯೇ ಎಂದು ಸಾಲು ಎಣಿಸಿ.