ಒಂದಾಣೆಯ ಕಮಿಷನ್, ಮನೆ ಬಾಗಿಲಿಗೆ ಹಣ: ಹಳೆಯ ಮುಂಬಯಿಯ ಮನಿಯಾರ್ಡರ್ ಸೇವೆಯ ವಿಮರ್ಶೆ

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳ ಮುಂಬಯಿಯಲ್ಲಿ ದುಡಿದು ತಿನ್ನುವ ಮನುಷ್ಯನಿಗೆ ದೊರೆಯುತ್ತಿದ್ದ ಸೇವೆಗಳ ಪೈಕಿ ಕೊಟ್ಟ ಕಾಸಿಗೆ ತಕ್ಕ ಕೆಲಸ ಮಾಡುತ್ತಿದ್ದದ್ದು ಯಾವುದೆಂದು ಯಾರಾದರೂ ಕೇಳಿದರೆ, ನಾನು ಹಿಂದೆಮುಂದೆ ನೋಡದೆ ಅಂಚೆಯ ಮನಿಯಾರ್ಡರನ್ನು ಹೆಸರಿಸುತ್ತೇನೆ. ಆ ಕಾಲದ ನೆನಪುಗಳನ್ನು ಬರೆಯುವವರು ಸಾಮಾನ್ಯವಾಗಿ 1907ರ ಮೇ ತಿಂಗಳಲ್ಲಿ ಕುದುರೆಗಳ ಜಾಗಕ್ಕೆ ಬಂದ ವಿದ್ಯುತ್ ಟ್ರಾಮನ್ನು ಕೊಂಡಾಡುತ್ತಾರೆ. ಟ್ರಾಮು ಒಳ್ಳೆಯದೇ, ಆದರೆ ಅದು ಊರೊಳಗೇ ಸುತ್ತುತ್ತಿತ್ತು. ಗಿರಣಿಯ ಕೂಲಿ ಕೈಗೆ ಬಂದ ದಿನ ಪರೇಲಿನ ಚಾಳಿನಲ್ಲಿ, ಅಂದರೆ ಸಾಲುಖೋಲಿಗಳ ವಠಾರದಲ್ಲಿ, ಇದ್ದವನ ಚಿಂತೆಯೆಲ್ಲ ಊರೊಳಗಿನದ್ದಾಗಿರಲಿಲ್ಲ. ರತ್ನಾಗಿರಿಯಲ್ಲೋ ಕಾರವಾರದ ಕಡೆಯ ಹಳ್ಳಿಯಲ್ಲೋ ಕಾದು ಕುಳಿತವರ ಕೈಗೆ ಐದೋ ಹತ್ತೋ ರೂಪಾಯಿ ಹೇಗೆ ಸೇರೀತು ಎಂಬುದಾಗಿತ್ತು.

ಈ ಸೇವೆಯ ಬೆಲೆ ತಿಳಿಯಬೇಕಾದರೆ ಅದು ಬರುವುದಕ್ಕೆ ಮೊದಲು ಇದ್ದ ದಾರಿಗಳನ್ನು ನೋಡಬೇಕು. ಊರಿಗೆ ಹೊರಟ ನಂಟನ ಸೊಂಟಕ್ಕೆ ಹಣ ಕಟ್ಟಿ ಕಳಿಸುವುದು ಒಂದು ದಾರಿ. ಅದರಲ್ಲಿ ಕಳ್ಳರ ಭಯದ ಜೊತೆಗೆ ನಂಟನ ಭಯವೂ ಇತ್ತು. ಪೇಟೆಯ ಸಾಹುಕಾರರ ಹುಂಡಿ, ಅಂದರೆ ಇನ್ನೊಂದು ಊರಿನಲ್ಲಿ ಹಣ ಕೊಡಿಸುವ ಚೀಟಿ, ನಂಬಿಕೆಯ ವ್ಯವಹಾರವೇ ಆದರೂ ಅದು ವ್ಯಾಪಾರಿಗಳ ದೊಡ್ಡ ಮೊತ್ತಗಳಿಗೆ ಹೇಳಿ ಮಾಡಿಸಿದ್ದು, ಐದು ರೂಪಾಯಿಯವನಿಗಲ್ಲ. ಸರ್ಕಾರಿ ಖಜಾನೆಗಳ ಮೂಲಕ ಹಣ ಕಳಿಸುವ ಏರ್ಪಾಡು ಇತ್ತಾದರೂ, ಖಜಾನೆಯಿದ್ದ ಊರುಗಳೇ ಬೆರಳೆಣಿಕೆಯಷ್ಟು. 1880ರಲ್ಲಿ ಈ ಕೆಲಸವನ್ನು ಅಂಚೆ ಇಲಾಖೆ ವಹಿಸಿಕೊಂಡಾಗ ಟಪಾಲು ಹೋಗುವ ಊರುಗಳಿಗೆಲ್ಲ ಹಣವೂ ಹೋಗುವಂತಾಯಿತು. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋದ ಮೇಲೆ, ಮುಂಬಯಿಯಿಂದ ಧಾರವಾಡಕ್ಕಾಗಲಿ ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರಿಗಾಗಲಿ ಹಾಸನಕ್ಕಾಗಲಿ ಒಂದೇ ಫಾರಂ ಸಾಕಾಗುತ್ತಿತ್ತು.

ದರದ ವಿಷಯದಲ್ಲಿ ನನ್ನ ಮೆಚ್ಚುಗೆ ಪೂರ್ತಿಯಲ್ಲ. ರೂಪಾಯಿಗೆ ಹದಿನಾರಾಣೆ ಇದ್ದ ಆ ಕಾಲದಲ್ಲಿ ಹತ್ತು ರೂಪಾಯಿಗೆ ಎರಡಾಣೆ ಎಂಬ ಮೂಲ ದರವು ನೂರಕ್ಕೆ ಒಂದೂಕಾಲು ರೂಪಾಯಿಯಂತೆ ಬೀಳುತ್ತದೆ, ಅಷ್ಟು ದೂರದ ಕೆಲಸಕ್ಕೆ ಅದು ಹೆಚ್ಚೆನ್ನಲಾಗದು. ಆದರೆ ಮೊದಲ ಇಪ್ಪತ್ತು ವರ್ಷ ಅದಕ್ಕಿಂತ ಕಡಿಮೆ ದರವೇ ಇರಲಿಲ್ಲವಾದ್ದರಿಂದ ನಾಲ್ಕು ರೂಪಾಯಿ ಕಳಿಸುವ ಬಡವನೂ ಹತ್ತು ರೂಪಾಯಿಯವನಷ್ಟೇ ತೆರಬೇಕಾಗಿತ್ತು. 1902ರಲ್ಲಿ ಐದು ರೂಪಾಯಿವರೆಗೆ ಒಂದಾಣೆ ಎಂದು ಮಾಡಿದ್ದು ಈ ಸೇವೆಯ ಇತಿಹಾಸದಲ್ಲೇ ಅತ್ಯಂತ ನ್ಯಾಯವಾದ ತಿದ್ದುಪಡಿ ಎಂದು ನನ್ನ ಅಭಿಪ್ರಾಯ. ಹಾಗಿದ್ದರೂ ಒಂದೇ ರೂಪಾಯಿ ಕಳಿಸುವವನಿಗೆ ಹದಿನಾರನೆಯ ಒಂದು ಪಾಲು ಕಮಿಷನ್ನಿಗೇ ಹೋಗುತ್ತಿತ್ತು. ಕೂಲಿಯನ್ನು ವಾರವಾರ ಕಳಿಸದೆ ಕೂಡಿಟ್ಟು ಒಟ್ಟಿಗೆ ಕಳಿಸುವುದು ಲಾಭ. ಕೂಡಿಡುವಷ್ಟು ಕೈಯಲ್ಲಿ ಉಳಿಯುವವನಿಗೆ ಮಾತ್ರ ಆ ಲಾಭ ದಕ್ಕುತ್ತಿತ್ತು ಎಂಬುದು ಬೇರೆ ಮಾತು.

ಕಚೇರಿಯ ಕಟ್ಟಡದ ಬಗ್ಗೆ ಹೇಳದಿದ್ದರೆ ಕನ್ನಡದ ಓದುಗರು ಮುನಿಸಿಕೊಂಡಾರು. ಬೋರಿಬಂದರಿನ ಬಳಿ 1904ರಲ್ಲಿ ಶುರುವಾಗಿ 1913ರಲ್ಲಿ ಮುಗಿದ ದೊಡ್ಡ ಪೋಸ್ಟಾಫೀಸಿನ ಗುಮ್ಮಟಕ್ಕೆ ವಾಸ್ತುಶಿಲ್ಪಿ ಜಾನ್ ಬೆಗ್ ಮಾದರಿಯಾಗಿ ಇಟ್ಟುಕೊಂಡದ್ದು ನಮ್ಮ ಬಿಜಾಪುರದ ಗೋಳಗುಮ್ಮಟವನ್ನು. ಕಪ್ಪು ಕಲ್ಲಿನ ಗೋಡೆಗೆ ಕುರ್ಲಾದ ಹಳದಿ ಕಲ್ಲನ್ನೂ ಧ್ರಾಂಗಧ್ರದ ಬಿಳಿ ಕಲ್ಲನ್ನೂ ಬೆರೆಸಿ ಕಟ್ಟಿದ ಆ ಕಟ್ಟಡ ಇಂದಿಗೂ ತಲೆಯೆತ್ತಿ ನೋಡುವಂತಿದೆ. ಬರಗಾಲಕ್ಕೆ ಹೆಸರಾದ ಬಿಜಾಪುರ ಸೀಮೆಯಿಂದ ಹೊಟ್ಟೆಪಾಡಿಗೆ ಬಂದವನು ಅದೇ ಆಕಾರದ ಗುಮ್ಮಟದಡಿಯಲ್ಲಿ ನಿಂತು ಊರಿಗೆ ಹಣ ಕಟ್ಟುವುದರಲ್ಲಿ ಒಂದು ಬಗೆಯ ಅಣಕವೂ ಇತ್ತು. ಆದರೆ ಗ್ರಾಹಕನಿಗೆ ಗುಮ್ಮಟದಿಂದ ಆದ ಪ್ರಯೋಜನ ನೆರಳಿಗಿಂತ ಹೆಚ್ಚಿನದಲ್ಲ. ಫಾರಂ ತುಂಬಿಸಲು ಅಕ್ಷರ ಬಾರದವನು ಹೊರಗೆ ಕುಳಿತ ಕಾಗದ ಬರೆಯುವವನ ಮೊರೆ ಹೋಗಬೇಕಿತ್ತು. ಇಲಾಖೆಯ ದರಪಟ್ಟಿಯಲ್ಲಿಲ್ಲದ ಆ ಖರ್ಚನ್ನೂ ಸೇವೆಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಸೇವೆಯ ನಿಜವಾದ ಹೆಚ್ಚುಗಾರಿಕೆ ಕಾಣುತ್ತಿದ್ದದ್ದು ಇನ್ನೊಂದು ತುದಿಯಲ್ಲಿ. ಪಡೆಯುವವರು ಪೋಸ್ಟಾಫೀಸಿಗೆ ನಡೆದು ಬರಬೇಕಾಗಿರಲಿಲ್ಲ, ಪೋಸ್ಟ್‌ಮನ್ನೇ ಮನೆಗೆ ಹೋಗಿ ಜಗಲಿಯ ಮೇಲೆ ಹಣ ಎಣಿಸಿಕೊಡುತ್ತಿದ್ದ. 1917ರ ಕೊನೆಯಲ್ಲಿ ಒಂದು ರೂಪಾಯಿಯ ನೋಟು ಬರುವವರೆಗೆ ರೂಪಾಯಿ ಎಂದರೆ ಒಂದು ತೊಲ ತೂಕದ ಬೆಳ್ಳಿಯ ನಾಣ್ಯವೇ. ಮುನ್ನೂರು ರೂಪಾಯಿ ಹಂಚಬೇಕಾದ ದಿನ ಚೀಲದಲ್ಲಿ ಮೂರೂವರೆ ಕಿಲೋ ಬೆಳ್ಳಿ ಹೊತ್ತು ಆತ ಹೊಲದ ಬದು, ಹಳ್ಳದ ದಂಡೆ ದಾಟಬೇಕಿತ್ತು. ಪಡೆದವರು ನಾಣ್ಯವನ್ನು ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳಿ ಒಪ್ಪಿಸಿಕೊಂಡರೆ ಅದರಲ್ಲಿ ಅವಮಾನವೇನೂ ಇರಲಿಲ್ಲ. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು, ಪಕ್ಕದಲ್ಲಿ ಒಬ್ಬ ಸಾಕ್ಷಿ ಸಹಿ ಹಾಕುತ್ತಿದ್ದ, ಆ ರಸೀದಿ ಮುಂಬಯಿಗೆ ಹಿಂದಿರುಗಿ ಕಳಿಸಿದವನ ಕೈಸೇರುತ್ತಿತ್ತು. ತಾಯಿಯ ಹೆಬ್ಬೆಟ್ಟಿನ ಗುರುತು ಚಾಳಿನ ಖೋಲಿಗೆ ಬಂದು ತಲುಪುವುದೆಂದರೆ ಹಣ ಸಂದಿತು ಎಂಬ ರುಜುವಾತಷ್ಟೇ ಅಲ್ಲ, ಆಕೆ ಇದ್ದಾಳೆ ಎಂಬ ಸುದ್ದಿಯೂ ಹೌದು. ಹಣ ಯಾರ ಹೆಸರಿಗೆ ಬಂದಿದೆಯೋ ಅವರ ಕೈಗೇ ಕೊಡಬೇಕೆಂಬ ನಿಯಮವಂತೂ, ಮನೆಯ ಗಂಡಸರನ್ನು ಕೇಳದೆ ಒಂದು ಬಿಡಿಗಾಸೂ ಮುಟ್ಟಲಾಗದಿದ್ದ ಸೊಸೆಯಂದಿರ ಪಾಲಿಗೆ ದೊಡ್ಡದಾಗಿತ್ತು. ಪೋಸ್ಟ್‌ಮನ್ ಬೆನ್ನು ತಿರುಗಿಸಿದ ಮೇಲೆ ಆ ಹಣ ಯಾರ ಪೆಟ್ಟಿಗೆ ಸೇರಿತೆಂಬುದಕ್ಕೆ ಇಲಾಖೆ ಹೊಣೆಯಲ್ಲ.

ಫಾರಮ್ಮಿನ ತುದಿಯಲ್ಲಿ ನಾಲ್ಕು ಮಾತು ಬರೆಯಲು ಕೊಟ್ಟಿದ್ದ ಜಾಗವನ್ನು ಬಿಡಿಯಾಗಿ ಹೊಗಳಬೇಕು. ಕಾಲಾಣೆಯ, ಅಂದರೆ ಒಂದು ಪೈಸೆಯ ಕಾರ್ಡನ್ನು ಬೇರೆಯಾಗಿ ಕೊಳ್ಳದೆ, ಇಷ್ಟು ಬಡ್ಡಿಗೆ, ಇಷ್ಟು ಬೀಜಕ್ಕೆ, ಉಳಿದದ್ದು ಹಬ್ಬಕ್ಕೆ ಎಂದು ಬರೆದು ಮುಗಿಸಬಹುದಿತ್ತು. 1922ರಲ್ಲಿ ಕಾರ್ಡಿನ ಬೆಲೆ ಅರ್ಧ ಆಣೆಗೆ ಏರಿದ ಮೇಲೆ ಆ ಚೂರು ಕಾಗದದ ಬೆಲೆ ಇನ್ನೂ ಹೆಚ್ಚಾಗಿರಬೇಕು.

ಕೊರತೆಗಳೂ ಇದ್ದವು. ಮಳೆಗಾಲದಲ್ಲಿ ಕರಾವಳಿಯ ಹಡಗು ಸಂಚಾರ ನಿಂತಾಗ ಕಾರವಾರದ ಕಡೆಗೆ ಹುಬ್ಬಳ್ಳಿಯಿಂದ ಘಟ್ಟವಿಳಿಯುವ ದಾರಿಯೇ ಗತಿ, ಹಣ ಯಾವಾಗ ಮುಟ್ಟೀತೆಂದು ಯಾರೂ ಆಣೆ ಮಾಡಿ ಹೇಳುವಂತಿರಲಿಲ್ಲ. ಹಣ ತಂದವನಿಗೆ ಖುಷಿಗೆಂದು ಒಂದಿಷ್ಟು ಕೊಡುವ ರೂಢಿ ಬಲಿತು, ಕೊಡದಿದ್ದರೆ ಮುಖ ಗಂಟಿಕ್ಕುವ ಮಟ್ಟಕ್ಕೆ ಹೋಗಿತ್ತು. ಇದರಲ್ಲಿ ನಾನು ಪೋಸ್ಟ್‌ಮನ್ನನ್ನು ಪೂರ್ತಿ ದೂರಲಾರೆ: ಹೆಗಲ ಮೇಲೆ ಊರವರ ಬೆಳ್ಳಿ, ಜೇಬಿನಲ್ಲಿ ತನ್ನ ಕಿರಿದಾದ ಸಂಬಳ, 1920ರಲ್ಲಿ ಮುಂಬಯಿಯ ಪೋಸ್ಟ್‌ಮನ್ನರು ಮುಷ್ಕರ ಹೂಡಿದ್ದು ಸುಮ್ಮನೆ ಅಲ್ಲ.

ಇದೇ ಏರ್ಪಾಡಿನ ಬೆನ್ನಿಗೆ ಕಟ್ಟಿದ್ದ ವಿ.ಪಿ. (ವ್ಯಾಲ್ಯೂ ಪೇಯಬಲ್) ಸೇವೆಗೆ ಮಾತ್ರ ನಾನು ಇಷ್ಟು ಧಾರಾಳವಾಗಿ ಅಂಕ ಕೊಡಲಾರೆ. 1877ರಲ್ಲಿ ಆರಂಭವಾದ ಈ ಸೇವೆಯಲ್ಲಿ ಮುಂಬಯಿಯ ಅಂಗಡಿಯವನು ಗಡಿಯಾರ, ಔಷಧ, ಪುಸ್ತಕ ಮುಂತಾದವನ್ನು ಅಂಚೆಗೆ ಹಾಕಿದರೆ, ಪೋಸ್ಟ್‌ಮನ್ ಅದನ್ನು ಮುಟ್ಟಿಸಿ ಬೆಲೆ ವಸೂಲು ಮಾಡಿ, ಮನಿಯಾರ್ಡರಿನ ಮೂಲಕ ಅಂಗಡಿಗೆ ತಲುಪಿಸುತ್ತಿದ್ದ. ಪೇಟೆಯನ್ನೇ ಕಾಣದ ಹಳ್ಳಿಯ ಮೇಷ್ಟರಿಗೂ ಇದರಿಂದ ಪುಸ್ತಕ ದಕ್ಕಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಣ ಪಾವತಿಯಾದ ಮೇಲೆಯೇ ಪೊಟ್ಟಣ ಬಿಚ್ಚಬೇಕಾಗಿದ್ದರಿಂದ, ಜಾಹೀರಾತಿನ ಚಿತ್ರ ನೋಡಿ ತರಿಸಿದ ಗಡಿಯಾರದ ಬದಲು ತಗಡಿನ ಆಟಿಕೆ ಹೊರಬಂದರೆ ಕೇಳುವವರಿರಲಿಲ್ಲ. ಪೊಟ್ಟಣದೊಳಗಿನ ಮಾಲಿಗೆ ಇಲಾಖೆ ಜವಾಬ್ದಾರಿ ಹೊರುತ್ತಿರಲಿಲ್ಲ. ಅತ್ತ, ಹುಮ್ಮಸ್ಸಿನಲ್ಲಿ ಕಾರ್ಡು ಬರೆದು ತರಿಸಿ, ಬಾಗಿಲಿಗೆ ಬಂದಾಗ ಬೇಡವೆಂದು ಹಿಂದಿರುಗಿಸುವ ಗಿರಾಕಿಗಳಿಂದ ಅಂಗಡಿಯವನಿಗೆ ಹೋಗಿಬರುವ ಖರ್ಚಿನ ದಂಡ. ನಾಲ್ಕು ಜನ ತರಿಸಿ ನೋಡಿದ ಅಂಗಡಿಯಿಂದ ಮಾತ್ರ, ಅದೂ ಪುಸ್ತಕದಂಥ ಮೋಸಕ್ಕೆ ಎಡೆ ಕಡಿಮೆಯಿರುವ ಮಾಲನ್ನು ವಿ.ಪಿ.ಯಲ್ಲಿ ತರಿಸಿಕೊಳ್ಳುವುದು ಅಂದಿನ ಗಿರಾಕಿಗೆ ಕ್ಷೇಮವಾಗಿತ್ತು. ಗಡಿಯಾರ ಬೇಕಿದ್ದರೆ ಮುಂಬಯಿಯಲ್ಲಿದ್ದ ಮಗನೋ ಅಳಿಯನೋ ಅಂಗಡಿಗೆ ಹೋಗಿ, ಕಿವಿಗೆ ಹಿಡಿದು ಟಿಕ್ಕೆನ್ನುವುದನ್ನು ಕೇಳಿ, ರಜೆಗೆ ಬರುವಾಗ ತರುವುದೇ ಮೇಲು.