ಸಿಂಗಾಪುರದ ಗಾಜಿನ ತೋಟಗಳು: ಒಂದೇ ದಿನ ಇದ್ದರೆ ಯಾವುದಕ್ಕೆ ಎಷ್ಟು ಹೊತ್ತು?

ಏಪ್ರಿಲ್‌ನಲ್ಲಿ ವಿಜಯಪುರ ಬಿಟ್ಟು ಸಿಂಗಾಪುರಕ್ಕೆ ಹೋದರೆ ಬೇಸಿಗೆಯಿಂದ ತಪ್ಪಿಸಿಕೊಂಡೆವು ಅಂದುಕೊಳ್ಳಬೇಡಿ. ನಮ್ಮಲ್ಲಿ 40 ಡಿಗ್ರಿ ಇದ್ದರೂ ಒಣ ಬಿಸಿಲು. ಬೇವಿನ ನೆರಳಿಗೆ ಬಂದರೆ ಜೀವ ತಣ್ಣಗಾಗುತ್ತದೆ. ಅಲ್ಲಿ 32 ಡಿಗ್ರಿ ಇದ್ದರೂ ನೆರಳಲ್ಲೂ ಬೆವರು ಆರುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬೇರೆ. ಹಾಗಾಗಿ ಆ ಊರಲ್ಲಿ ಮಧ್ಯಾಹ್ನ ಎಲ್ಲಾದರೂ ಸೂರಿನ ಕೆಳಗಿರಬೇಕು. ಮಾಲ್ ಸುತ್ತುವ ಹುಚ್ಚಿಲ್ಲದವರಿಗೆ ಅಲ್ಲಿನ ಒಳಾಂಗಣ ತೋಟಗಳು ಚೆನ್ನ.

ನಮ್ಮ ತಂಡದಲ್ಲಿ ಅವ್ವ, ವೈನಿ, ವೈನಿಯ ಇಬ್ಬರು ಮಕ್ಕಳು ಮತ್ತು ನಾನು ಇದ್ದೆವು. ಅಲ್ಲೇ ಕೆಲಸದಲ್ಲಿರುವ ಅಕ್ಕನ ಮಗ ದಾರಿ ತೋರಿಸುತ್ತಿದ್ದ. ಅವ್ವನಿಗೆ ಮೊಣಕಾಲು ನೋವು, ಮಕ್ಕಳಿಗೆ ಒಂದು ಕಡೆ ನಿಲ್ಲೋ ತಾಳ್ಮೆ ಇಲ್ಲ. ಈ ಎರಡರ ನಡುವೆ ನೋಡಿದ್ದನ್ನು ಹೋಲಿಸಿ ಬರೆಯುತ್ತಿದ್ದೇನೆ. ನಮ್ಮ ಓಣಿಯಲ್ಲೇ ಈ ರಜೆಗೆ ಹೊರಟವರು ಇದ್ದಾರೆ, ಅವರೆಲ್ಲ ಕೇಳುವುದು ಒಂದೇ: "ಎಲ್ಲಾ ನೋಡಾಕ ಆಗಂಗಿಲ್ಲ, ಯಾವುದು ಬಿಡೋಣು?"

ಮುಖ್ಯವಾದವು ನಾಲ್ಕು. ಗಾರ್ಡನ್ಸ್ ಬೈ ದಿ ಬೇ ಎಂಬ ದೊಡ್ಡ ಉದ್ಯಾನದೊಳಗೆ ಎರಡು ಗಾಜಿನ ಡೋಮ್‌ಗಳಿವೆ: ಫ್ಲವರ್ ಡೋಮ್ ಮತ್ತು ಕ್ಲೌಡ್ ಫಾರೆಸ್ಟ್. ಎರಡೂ 2012ರಲ್ಲಿ ತೆರೆದವು. ಮೂರನೆಯದು ಸಿಂಗಾಪುರ ಬೊಟಾನಿಕ್ ಗಾರ್ಡನ್ಸ್‌ನ ರಾಷ್ಟ್ರೀಯ ಆರ್ಕಿಡ್ ತೋಟ. ನಾಲ್ಕನೆಯದು ಚಾಂಗಿ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿರುವ ಜ್ಯುವೆಲ್. ಡೋಮ್‌ಗಳ ಹತ್ತಿರವೇ ಫ್ಲೋರಲ್ ಫ್ಯಾಂಟಸಿ ಅಂತ ಇನ್ನೊಂದಿದೆ. ತಲೆಯ ಮೇಲೆ ತೂಗುವ ಹೂವು, ಅಲಂಕಾರ, ಕೊನೆಗೊಂದು ಸಿನಿಮಾ ಸವಾರಿ. ಫೋಟೊ ತೆಗೆಸಿಕೊಳ್ಳುವವರಿಗೆ ಸರಿ. ದುಡ್ಡು ಲೆಕ್ಕ ಹಾಕುವವರು ಮೊದಲು ಬಿಡಬೇಕಾದ್ದು ಅದೇ.

ಹೊರದೇಶದಿಂದ ಬಂದವರಿಗೆ ಸಾಮಾನ್ಯವಾಗಿ ಎರಡೂ ಡೋಮ್‌ಗಳ ಟಿಕೆಟ್ ಜೊತೆಯಾಗಿಯೇ ಸಿಗುತ್ತದೆ. ಆದ್ದರಿಂದ ಅಲ್ಲಿ ಪೈಪೋಟಿ ದುಡ್ಡಿಗಲ್ಲ, ಕಾಲಿಗೆ ಮತ್ತು ಹೊತ್ತಿಗೆ. ಯಾವುದಕ್ಕೆ ಮೊದಲು ಹೋಗಬೇಕು, ಯಾವುದರಲ್ಲಿ ಜಾಸ್ತಿ ಇರಬೇಕು ಅನ್ನೋದಷ್ಟೇ ಪ್ರಶ್ನೆ.

ಫ್ಲವರ್ ಡೋಮ್ ದೊಡ್ಡದು. ಸುಮಾರು 1.2 ಹೆಕ್ಟೇರ್, ಅಂದ್ರೆ ನಮ್ಮ ಲೆಕ್ಕದಲ್ಲಿ ಮೂರು ಎಕರೆ. 38 ಮೀಟರ್ ಎತ್ತರದ ಗಾಜಿನ ಸೂರು, ನಡುವೆ ಒಂದೂ ಕಂಬವಿಲ್ಲ. ಗೋಳಗುಮ್ಮಟದ ಊರಿನಿಂದ ಹೋದವರು ಇದನ್ನು ಗಮನಿಸದೆ ಇರಲು ಆಗುತ್ತಾ? ನಮ್ಮ ಗುಮ್ಮಟದೊಳಗಿನ ನೆಲದಂಥವು ಏಳು ಇದರಲ್ಲಿ ಹಿಡಿಸುತ್ತವೆ. ಎತ್ತರದಲ್ಲಿ ಮಾತ್ರ ನಮ್ಮದೇ ಮೇಲು. ಅದೂ ಉಕ್ಕಿಲ್ಲದೆ, 1656ರಲ್ಲಿ ಮುಗಿದದ್ದು. ಇದನ್ನು ಅಕ್ಕನ ಮಗನಿಗೆ ಒತ್ತಿ ಹೇಳಿದೆ.

ಒಳಗೆ ಉಷ್ಣತೆ 23ರಿಂದ 25 ಡಿಗ್ರಿ. ಗಾಳಿಯಲ್ಲಿ ತೇವ ಕಡಿಮೆ. ಮೆಡಿಟರೇನಿಯನ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾ ಅಂತ ಒಂದೊಂದು ಸೀಮೆಗೆ ಒಂದೊಂದು ಭಾಗ. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಬಾವೋಬಾಬ್ ಮರಗಳು ಎದುರಾಗುತ್ತವೆ. ಅವ್ವ ಅಲ್ಲೇ ನಿಂತಳು. "ಇದು ಸವಣೂರ ಮಠದಾಗಿನ ದೊಡ್ಡ ಹುಣಸಿಮರ ಅಲ್ಲೇನೋ?" ಅಂದಳು. ಹೌದು, ಅದೇ ಜಾತಿ. ಸವಣೂರಿನ ದೊಡ್ಡಹುಣಸೆ ಮಠದ ಮೂರು ಮರಗಳನ್ನು ನೋಡಿದವರಿಗೆ ಇಲ್ಲಿನವು ತೀರಾ ಎಳೆಯವು ಅನ್ನಿಸುತ್ತವೆ. ಆದರೂ ಇಲ್ಲಿನ ದೊಡ್ಡ ಮರ 30 ಟನ್ನಿಗೂ ಜಾಸ್ತಿ ತೂಗುತ್ತದಂತೆ. ಅದನ್ನು ಬೇರು ಸಮೇತ ಸಾಗಿಸಿ ತಂದು ಗಾಜಿನ ಮನೆಯಲ್ಲಿ ನಿಲ್ಲಿಸಿದ್ದಾರೆ ಅಂದ್ರೆ ಸುಮ್ನೆ ಮಾತಲ್ಲ.

ಮುಂದೆ ಕಳ್ಳಿ, ಕತ್ತಾಳೆಗಳ ಭಾಗ. ಇಲ್ಲಿ ನನಗೆ ಸ್ವಲ್ಪ ನಿರಾಸೆ. ನಮ್ಮ ಹೊಲದ ಬದುವಿನ ಮೇಲೆ ಕತ್ತಾಳೆ, ಹಾಳು ಗೋಡೆಯ ಪಕ್ಕ ಪಾಪಾಸುಕಳ್ಳಿ ನೋಡಿಕೊಂಡೇ ಬೆಳೆದವರು ನಾವು. ಅವೆರಡೂ ಮೂಲತಃ ಅಮೆರಿಕ ಖಂಡದವು, ನಮ್ಮಲ್ಲಿಗೆ ಬಂದು ನೆಲೆಯೂರಿದವು. ಅಲ್ಲಿ ಹೆಸರಿನ ಫಲಕ ಹಾಕಿ, ಬೇಲಿ ಕಟ್ಟಿ ತೋರಿಸಿದರೆ ನಮಗೆ ಅಷ್ಟೇನೂ ಬೆರಗಾಗುವುದಿಲ್ಲ. ಸಾವಿರ ವರ್ಷದ್ದು ಎನ್ನುವ ಆಲಿವ್ ಮರಗಳ ಹತ್ತಿರ ಮಾತ್ರ ನಿಂತು ನೋಡಬೇಕು. ಬುಡವೆಲ್ಲ ತಿರುಚಿಕೊಂಡು, ಟೊಳ್ಳಾಗಿ, ಗಂಟುಗಂಟಾಗಿದೆ. ಮೇಲೆ ನೋಡಿದರೆ ಸಣ್ಣ ಬೂದು ಹಸಿರು ಎಲೆ, ಎಲೆಯ ಹಿಂಬದಿ ಬೆಳ್ಳಗೆ. ಆ ಬುಡಕ್ಕೂ ಆ ಎಲೆಗೂ ಸಂಬಂಧವೇ ಇಲ್ಲ ಅನ್ನಿಸುತ್ತದೆ.

ನಡುವೆ ತಗ್ಗಿನಲ್ಲಿ ಹೂವಿನ ಅಂಗಳ. ಕಾಲಕ್ಕೆ ತಕ್ಕಂತೆ ಹೂವು ಬದಲಾಗುತ್ತದೆ. ನಾವು ಹೋದಾಗ ಜಪಾನಿನ ಚೆರ್ರಿ ಹೂವಿನ ಪ್ರದರ್ಶನ ನಡೆದಿತ್ತು. ಟುಲಿಪ್, ಕ್ರಿಸ್ಮಸ್ ಅಂತ ಬೇರೆ ಹೊತ್ತಿನಲ್ಲಿ ಬೇರೆ ಇರುತ್ತದೆ. ಜನಸಂದಣಿಯೂ ಅಲ್ಲೇ. ಎಲ್ಲರ ಕೈಯಲ್ಲೂ ಫೋನು, ಎಲ್ಲರಿಗೂ ಅದೇ ಕೊಂಬೆ ಬೇಕು. ವೈನಿ ಕಾದು ಫೋಟೊ ತೆಗೆಸಿಕೊಂಡರು, ನಾನು ಬೆಂಚು ಹಿಡಿದೆ.

ಈಗ ಕ್ಲೌಡ್ ಫಾರೆಸ್ಟ್. ಇದು ಚಿಕ್ಕದು, ಎರಡು ಎಕರೆ. ಆದರೆ ಎತ್ತರ 58 ಮೀಟರ್. ಒಳಗೆ 35 ಮೀಟರ್ ಎತ್ತರದ ಗುಡ್ಡವನ್ನೇ ಕಟ್ಟಿ, ಅದರ ಮೈತುಂಬ ಗಿಡ ನೆಟ್ಟಿದ್ದಾರೆ. ಬಾಗಿಲು ದಾಟಿದ ಕೂಡಲೇ ಜಲಪಾತ. ನೋಡುವ ಮೊದಲೇ ಮುಖಕ್ಕೆ ತುಂತುರು ಬೀಳುತ್ತದೆ. ಹೊರಗೆ ಬೆವರಿ ಬಂದವರಿಗೆ ಆ ಒಂದು ಗಳಿಗೆಗೇ ಟಿಕೆಟ್ ದುಡ್ಡು ವಸೂಲು.

ಇಲ್ಲಿನ ಗಿಡಗಳು ಉಷ್ಣ ದೇಶಗಳ ಎತ್ತರದ ಬೆಟ್ಟಗಳವು. ಮೋಡದೊಳಗೇ ಬದುಕುವ ಕಾಡಿನವು: ಆರ್ಕಿಡ್, ಜರಿಗಿಡ, ಪಾಚಿ, ಬಿಗೋನಿಯಾ, ಕೀಟ ತಿನ್ನುವ ಹೂಜಿ ಗಿಡ. ಉಷ್ಣತೆ ಫ್ಲವರ್ ಡೋಮ್‌ನಷ್ಟೇ, ತೇವ ಮಾತ್ರ ತುಂಬಾ ಜಾಸ್ತಿ. ಲಿಫ್ಟಿನಲ್ಲಿ ಗುಡ್ಡದ ತುದಿಗೆ ಹೋಗುತ್ತೀರಿ. ಆಮೇಲೆ ಗುಡ್ಡದಿಂದ ಆಚೆಗೆ ಚಾಚಿಕೊಂಡ ಕಾಲುದಾರಿಗಳಲ್ಲಿ ಸುತ್ತುತ್ತಾ ಇಳಿಯುವುದಷ್ಟೇ. ಹತ್ತುವ ಕೆಲಸ ಇಲ್ಲ. ಮೊಣಕಾಲಿನವರಿಗೆ ಇದು ದೊಡ್ಡ ವರ. ಅವ್ವನಿಗೆ ಕಾಲಿನ ತೊಂದರೆ ಆಗಲಿಲ್ಲ, ಆದರೆ ಎತ್ತರದ ಭಯವಾಯಿತು. ಕಂಬಿಯಾಚೆ ನೋಡದೆ, ಗುಡ್ಡದ ಕಡೆಗೇ ಮುಖ ಮಾಡಿ ನಡೆದಳು. ಹಾಗೆ ನಡೆದವರಿಗೇ ಲಾಭ ಅಂತ ಆಮೇಲೆ ಗೊತ್ತಾಯಿತು. ಕೈಗೆಟುಕುವ ದೂರದಲ್ಲಿ, ಉಗುರಿನಷ್ಟು ಎಲೆಯ ಜರಿಗಿಡ, ಅದರ ಪಕ್ಕ ಅಕ್ಕಿಕಾಳಿನಷ್ಟು ಹೂ ಬಿಟ್ಟ ಆರ್ಕಿಡ್, ಅದರ ತುದಿಯಲ್ಲಿ ನಿಂತ ನೀರಹನಿ. ದೂರದಿಂದ ನೋಡಿದರೆ ಇದೆಲ್ಲ ಬರೀ ಹಸಿರು.

ನಿಗದಿತ ಹೊತ್ತಿಗೆ ಗುಡ್ಡದಿಂದ ಮಂಜು ಬಿಡುತ್ತಾರೆ. ಸಮಯ ಕೇಳಿಕೊಂಡು ಆಗ ಮೇಲಿನ ಅಥವಾ ನಡುವಿನ ದಾರಿಯಲ್ಲಿರಿ. ಸಣ್ಣವನು ಎರಡೂ ಕೈ ಚಾಚಿ "ಕಾಕಾ, ಇದು ಖರೇ ಮೋಡ ಏನು?" ಅಂದ. ಏನು ಹೇಳೋದು? ನೀರನ್ನು ನುಣ್ಣಗೆ ಸೀಳಿ ಗಾಳಿಗೆ ಬಿಟ್ಟದ್ದು, ನಿಜವಾದ ಮೋಡವೂ ಗಾಳಿಯಲ್ಲಿ ತೇಲುವ ನೀರಹನಿಗಳೇ. "ಖರೇನೇ ಅನ್ಕೋ" ಅಂದೆ.

ಕೆಳಗೆ ಇಳಿದ ಮೇಲೆ, ಭೂಮಿಯ ಉಷ್ಣತೆ 5 ಡಿಗ್ರಿ ಏರಿದರೆ ಏನಾಗುತ್ತದೆ ಅಂತ ತೋರಿಸುವ ಒಂದು ಕೋಣೆ ಇದೆ. ಎಲ್ಲರೂ ಅವಸರದಲ್ಲಿ ದಾಟಿ ಹೋಗುತ್ತಾರೆ. ದೊಡ್ಡ ಹುಡುಗಿ ಕೂತು ಪೂರ್ತಿ ನೋಡಿದಳು, ನಾವೂ ಕೂರಬೇಕಾಯಿತು. ಏಪ್ರಿಲ್‌ನ ವಿಜಯಪುರಕ್ಕೆ ಮನಸ್ಸಿನಲ್ಲೇ 5 ಕೂಡಿಸಿ ನೋಡಿದೆ, ಎದ್ದು ಬಂದೆ.

ಎರಡರಲ್ಲಿ ಯಾವುದು? ನನ್ನ ಮತ ಕ್ಲೌಡ್ ಫಾರೆಸ್ಟ್‌ಗೆ, ಯೋಚನೆ ಮಾಡುವುದೇ ಬೇಡ. ಫ್ಲವರ್ ಡೋಮ್ ಒಣ ಸೀಮೆಯ ಗಿಡಗಳ ತೋಟ. ನಾವೇ ಒಣ ಸೀಮೆಯವರು. ಚಳಿ ದೇಶದಿಂದ ಬಂದವನಿಗೆ, ವರ್ಷವೆಲ್ಲ ಮಳೆ ನೋಡುವ ಸಿಂಗಾಪುರದವನಿಗೆ ಬಾವೋಬಾಬ್, ಕಳ್ಳಿ ಹೊಸತು. ನಮಗೆ ಹೊಸತು ಎಂದರೆ ಹಸಿ ಪಾಚಿ ಹತ್ತಿದ ಗೋಡೆ. ಅವ್ವನ ಮತ ಮಾತ್ರ ಫ್ಲವರ್ ಡೋಮ್‌ಗೆ. ಕೂರಲು ಜಾಗ ಜಾಸ್ತಿ, ನೆಲ ಒಣಗಿರುತ್ತದೆ, ಗುರುತಿನ ಮರ ಇದೆ, ಎತ್ತರದ ಭಯ ಇಲ್ಲ. ಆ ಮಾತಲ್ಲೂ ಹುರುಳಿದೆ. ವಯಸ್ಸಾದವರು ಇಬ್ಬರಿದ್ದರೆ ಅವರನ್ನು ಅಲ್ಲಿ ಆರಾಮಾಗಿ ಕೂರಿಸಿ, ಉಳಿದವರು ಹೂವಿನ ಅಂಗಳ ಸುತ್ತಿ ಬರಬಹುದು. ಆದರೆ ಹೊತ್ತು ಹಂಚುವಾಗ ಕ್ಲೌಡ್ ಫಾರೆಸ್ಟ್‌ಗೆ ಎರಡು ಪಾಲು, ಇದಕ್ಕೆ ಒಂದು ಪಾಲು ಇರಲಿ.

ಇಷ್ಟು ದೊಡ್ಡ ಗಾಜಿನ ಮನೆಯನ್ನು ಆ ಸೆಖೆಯಲ್ಲಿ ಹೇಗೆ ತಂಪಾಗಿಡುತ್ತಾರೆ ಅಂತ ನಾನು ಅಕ್ಕನ ಮಗನನ್ನು ಪೀಡಿಸಿದೆ. ಚಳಿ ದೇಶದಲ್ಲಿ ಗಾಜಿನ ಮನೆ ಕಟ್ಟುವುದು ಬಿಸಿ ಹಿಡಿದಿಡಲು. ನಮ್ಮ ಲಾಲ್‌ಬಾಗ್‌ನದು ಫಲಪುಷ್ಪ ಪ್ರದರ್ಶನದ ಸೂರು. ಇಲ್ಲಿ ಕೆಲಸ ಉಲ್ಟಾ. ಗಾಜಿಗೆ ಬೆಳಕು ಬಿಟ್ಟು ಶಾಖ ತಡೆಯುವ ಲೇಪನ ಇದೆ. ತಣ್ಣೀರಿನ ಕೊಳವೆಗಳು ನೆಲದೊಳಗೆ ಹರಿಯುತ್ತವೆ. ಗಿಡ ಮತ್ತು ಜನ ಇರುವ ಕೆಳಗಿನ ಗಾಳಿಯನ್ನಷ್ಟೇ ತಂಪು ಮಾಡಿ, ಮೇಲೇರಿದ ಬಿಸಿ ಗಾಳಿಯನ್ನು ಹೊರಗೆ ಬಿಡುತ್ತಾರೆ. ಊರಿನ ಉದ್ಯಾನಗಳಲ್ಲಿ ಕತ್ತರಿಸಿದ ರೆಂಬೆ ಕೊಂಬೆಗಳನ್ನು ಬಾಯ್ಲರ್‌ನಲ್ಲಿ ಉರಿಸಿ ವಿದ್ಯುತ್ ತೆಗೆಯುತ್ತಾರೆ. ಫ್ಲವರ್ ಡೋಮ್‌ನ ಗಾಳಿಯ ತೇವ ಹೀರುವ ದ್ರವವನ್ನು ಮತ್ತೆ ಒಣಗಿಸಲು ಅದರ ಉಳಿಕೆ ಶಾಖ ಬೇಕಾಗುತ್ತದೆ. ಬಾಯ್ಲರ್‌ನ ಚಿಮಣಿ ಎಲ್ಲಿ ಅಂದಿರಾ? ಹೊರಗೆ ಎತ್ತರಕ್ಕೆ ನಿಂತ ಸೂಪರ್‌ಟ್ರೀ ಎಂಬ ಉಕ್ಕಿನ ಮರಗಳಲ್ಲಿ ಒಂದರೊಳಗೆ. ಟ್ರ್ಯಾಕ್ಟರ್ ರಿಪೇರಿ ಮಾಡಿದ ಕೈ ನನ್ನದು, ಹೂವಿಗಿಂತ ಇದೇ ತಲೆಯಲ್ಲಿ ಉಳಿಯಿತು.

ಆರ್ಕಿಡ್ ತೋಟದ ವಿಷಯ ಬೇರೆ. ಬೊಟಾನಿಕ್ ಗಾರ್ಡನ್ಸ್ 1859ರದು, 2015ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಒಳಗೆ ಹೋಗಲು ದುಡ್ಡಿಲ್ಲ. ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ನಾವು ಹೋದಾಗ ಹೊರದೇಶದ ದೊಡ್ಡವರಿಗೆ 15 ಸಿಂಗಾಪುರ ಡಾಲರ್ ಇತ್ತು, ಡೋಮ್‌ಗಳದು ಇದರ ಮೂರು ಪಟ್ಟಿನ ಆಸುಪಾಸು. ಹೆಚ್ಚಿನ ಭಾಗ ಬಯಲಲ್ಲೇ ಇದೆ. ಸೂರಿನ ಕೆಳಗಿರುವುದು ಮಂಜಿನ ಮನೆ ಮತ್ತು ತಂಪು ಮನೆ. ತಂಪು ಮನೆ ಕ್ಲೌಡ್ ಫಾರೆಸ್ಟ್‌ನದೇ ಚಿಕ್ಕ ರೂಪ, ಜನ ಕಡಿಮೆ, ಗಲಾಟೆ ಇಲ್ಲ. ಗಿಡದ ಮುಂದೆ ನಿಂತು ಹೆಸರು ಓದುವವರಿಗೆ ಇದೇ ಉತ್ತಮ. ದೇಶಕ್ಕೆ ಬಂದ ಗಣ್ಯರ ಹೆಸರಿಟ್ಟ ಆರ್ಕಿಡ್‌ಗಳೂ ಇವೆ. 2018ರಲ್ಲಿ ನಮ್ಮ ಪ್ರಧಾನಿಯ ಹೆಸರಲ್ಲೂ ಒಂದಕ್ಕೆ ನಾಮಕರಣ ಆಗಿದೆ. ಮಕ್ಕಳು ಮಾತ್ರ ಇಲ್ಲಿ ಬೇಗ ಬೇಸರಪಟ್ಟರು. ಮೆಟ್ರೊ ಇಳಿದು ಬಹಳ ನಡೆಯಬೇಕು. ಕಾಲು ನೋವಿನವರಿದ್ದರೆ ಟ್ಯಾಕ್ಸಿ ಮಾಡಿ ನಾಸಿಮ್ ಗೇಟ್ ಎನ್ನಿ.

ಜ್ಯುವೆಲ್ ನೋಡಲು ಟಿಕೆಟ್ ಬೇಡ. 2019ರಲ್ಲಿ ತೆರೆದದ್ದು. ಗಾಜಿನ ಸೂರಿನ ನಡುವಿನಿಂದ ನೀರು 40 ಮೀಟರ್ ಕೆಳಗೆ ಧುಮುಕುತ್ತದೆ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಮರಗಳು. ಜಲಪಾತ ಕ್ಲೌಡ್ ಫಾರೆಸ್ಟ್‌ನದಕ್ಕಿಂತ ಎತ್ತರ. ಆದರೆ ಇದು ಮಾಲ್, ಗಿಡ ಅಲಂಕಾರಕ್ಕೆ. ಇದಕ್ಕೆ ಬೇರೆ ದಿನ ಕೊಡಬೇಡಿ. ವಾಪಸ್ ವಿಮಾನ ಹತ್ತುವ ದಿನ ಸ್ವಲ್ಪ ಮೊದಲು ಬಂದರೆ ಆಯಿತು.

ಒಂದೇ ದಿನದಲ್ಲಿ ಮಾಡುವುದಾದರೆ ಮೆಟ್ರೊದ ನೀಲಿ ಲೈನ್ ಹಿಡಿಯಿರಿ. ಬೊಟಾನಿಕ್ ಗಾರ್ಡನ್ಸ್, ಲಿಟಲ್ ಇಂಡಿಯಾ, ಬೇಫ್ರಂಟ್ ಮೂರೂ ಅದರ ಮೇಲೇ ಸಾಲಾಗಿ ಬರುತ್ತವೆ. ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ಊರಲ್ಲಿ ಐದಕ್ಕೆ ಏಳುವ ಅವ್ವ ಅಲ್ಲಿ ಏಳೂವರೆಗೆ ಎದ್ದಳು. ಆರ್ಕಿಡ್ ತೋಟ ಎಂಟೂವರೆಗೆ ತೆರೆಯುತ್ತದೆ, ಬಿಸಿಲೇರುವ ಮೊದಲು ಅದನ್ನು ಮುಗಿಸಿ. ಊಟಕ್ಕೆ ಲಿಟಲ್ ಇಂಡಿಯಾದಲ್ಲಿ ಇಳಿಯಿರಿ. ಸೆರಂಗೂನ್ ರಸ್ತೆಯಲ್ಲಿ ಶುದ್ಧ ಸಸ್ಯಾಹಾರಿ ಅನ್ನ ಸಾರು ಸಿಗುತ್ತದೆ. ನಾವು ಒಯ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ಸಂಜೆಗೆ ಉಳಿಸಿದೆವು. ಅದನ್ನು ಹೊರಗಿನ ಬೆಂಚಿನ ಮೇಲೆ ಕೂತು ತಿನ್ನಿ, ಡೋಮ್‌ನೊಳಗೆ ತಿನ್ನುವಂತಿಲ್ಲ. ಮಧ್ಯಾಹ್ನದ ಮಳೆ ಹೊತ್ತಿಗೆ ಡೋಮ್ ಸೇರಿಕೊಳ್ಳಿ, ಮೊದಲು ಕ್ಲೌಡ್ ಫಾರೆಸ್ಟ್. ಏಳರ ಸುಮಾರಿಗೆ ಕತ್ತಲಾಗುತ್ತದೆ, ಆಮೇಲೆ ಗಿಡ ಸರಿಯಾಗಿ ಕಾಣುವುದಿಲ್ಲ. 7.45ಕ್ಕೆ ಸೂಪರ್‌ಟ್ರೀಗಳ ಕೆಳಗೆ ಪುಕ್ಕಟೆ ಬೆಳಕಿನ ಆಟ. ಆಲಮಟ್ಟಿಯ ಸಂಗೀತ ಕಾರಂಜಿ ಇಷ್ಟಪಟ್ಟ ಮಕ್ಕಳು ಇದನ್ನು ಬಿಟ್ಟು ಏಳುವುದಿಲ್ಲ.

ಅವ್ವಂದಿರಿಗೆ ಒಂದು ಶಾಲು ಇರಲಿ, ಒಳಗೆ ಎರಡು ತಾಸು ಕಳೆದರೆ ಚಳಿ ಹತ್ತುತ್ತದೆ. ಹೊರಗೆ ಬಂದ ಕೂಡಲೇ ಕನ್ನಡಕ, ಕ್ಯಾಮೆರಾ ಗಾಜು ಎರಡೂ ಮಬ್ಬಾಗುತ್ತವೆ, ಕೈ ಹಿಡಿದು ಇಳಿಸಿ. ಇನ್ನೊಂದು ಮಾತು. ರಿಪೇರಿ, ನಿರ್ವಹಣೆಗೆ ಅಂತ ಪ್ರತಿ ಡೋಮನ್ನೂ ತಿಂಗಳಿಗೊಂದು ದಿನ ಮುಚ್ಚುತ್ತಾರೆ. ಟಿಕೆಟ್ ತೆಗೆಯುವ ಮೊದಲು ಆ ತಾರೀಖು ನೋಡಿಕೊಳ್ಳಿ. ಫ್ಲವರ್ ಡೋಮ್ ಮುಚ್ಚಿದ್ದರೆ ಹೋಗಿ ಬನ್ನಿ. ಕ್ಲೌಡ್ ಫಾರೆಸ್ಟ್ ಮುಚ್ಚಿದ್ದರೆ ದಿನವನ್ನೇ ಬದಲಿಸಿ.