ಪಿಕಪ್ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಆಯಿಲ್: ಫ್ಲಶ್ ಬಿಟ್ಟು ಮೂರು ಸಲ ಇಳಿಸಿ ಹಾಕಿಸಿದೆ, 36 ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಬರೀತಿದೀನಿ

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. 2022ರಲ್ಲಿ ಡಬಲ್ ಕ್ಯಾಬ್ ಪಿಕಪ್ ತಗೊಂಡ್ವಿ, ಡೀಸೆಲ್, ಫೋರ್ ವೀಲ್, ಆಟೋಮ್ಯಾಟಿಕ್. ನಮ್ಮ ಕಡೆ ರೋಡಲ್ಲಿ ಆಟೋಮ್ಯಾಟಿಕ್ ಪಿಕಪ್ ಅಂತ ಕಾಣೋದು ಇಸುಜು ವಿ-ಕ್ರಾಸ್ ಇಲ್ಲಾ ಟೊಯೋಟಾ ಹೈಲಕ್ಸ್, ಎರಡರಲ್ಲೂ ಆರು ಗೇರಿನ ಟಾರ್ಕ್ ಕನ್ವರ್ಟರ್ ಬಾಕ್ಸೇ, ಹಾಗಾಗಿ ನನ್ನ ಹತ್ರ ಇರೋದು ಯಾವುದು ಅಂತ ಕೇಳ್ಬೇಡಿ, ನಾನು ಹೇಳೋದು ಎರಡಕ್ಕೂ ಆಗುತ್ತೆ. ಇದು ಗಾಡಿ ವಿಮರ್ಶೆ ಅಲ್ಲ, ಗೇರ್ ಬಾಕ್ಸ್ ಆಯಿಲ್ ಸರ್ವಿಸಿನ ವಿಮರ್ಶೆ. ಕಾಫಿ ಪುಡಿ, ಮೆಣಸು ಬೆಂಗಳೂರಿಗೆ ನಾವೇ ತಲುಪಿಸ್ತೀವಿ, ತಿಂಗಳಿಗೆ ನಾಲ್ಕು ಸಲ ಹೋಗಿ ಬರೋದು ಇದ್ದೇ ಇರುತ್ತೆ, ಅದರ ಮೇಲೆ ತೋಟದ ಕೆಲಸ, ಮಂಗಳೂರಲ್ಲಿ ತಂಗಿ ಮನೆ ಇರೋದ್ರಿಂದ ಚಾರ್ಮಾಡಿ ಇಳಿಯೋದು ಹತ್ತೋದು. ಹಾಗಾಗಿ ಎರಡೂವರೆ ವರ್ಷಕ್ಕೇ ಲಕ್ಷ ದಾಟ್ತು, ವಾರಂಟಿನೂ ಕಿಲೋಮೀಟರ್ ಲೆಕ್ಕದಲ್ಲಿ ಮುಗೀತು.

2025ರ ಜನವರಿ, ಕೊಯ್ಲಿನ ಟೈಮು. ಹಿಂದೆ ಆರು ಮೂಟೆ ಹಾಕ್ಕೊಂಡು ಹಾಸನಕ್ಕೆ ಹೊರಟಿದ್ವಿ, ಬೇಲೂರು ಆಗಿ ಹಗರೆ ದಾಟಿದ ಮೇಲೆ ಸಪಾಟು ರೋಡು, 60ರಲ್ಲಿ ಕಾಲು ಹಗುರಾಗಿ ಇಟ್ಟು ಹೋಗ್ತಿದ್ದೆ, ಗಾಡಿ ಗರಗರ ಅಂತ ಎರಡು ಸೆಕೆಂಡು ನಡುಗಿ ಸುಮ್ಮನಾಯ್ತು. ನನ್ನ ಹೆಂಡ್ತಿ ಮೊದಲು ಹೇಳಿದ್ದು, "ರೀ, ಟೈರ್ ಏನಾದ್ರೂ ಪಂಚರ್ ಆಯ್ತಾ ನೋಡಿ" ಅಂತ. ಇಳಿದು ನೋಡಿದ್ರೆ ಏನೂ ಇಲ್ಲ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಹೋಗ್ಲಿಲ್ಲ. ಜೋರಾಗಿ ಒತ್ತಿದ್ರೆ ಇಲ್ಲ, ಕಾಲು ಪೂರ್ತಿ ತೆಗೆದ್ರೂ ಇಲ್ಲ, 50ರಿಂದ 70ರ ಮಧ್ಯೆ ಹಗುರಾಗಿ ಒತ್ತಿ ಹಿಡಿದಾಗ ಮಾತ್ರ ಬರೋದು. ಹಿಂದೆ ಯಾರೂ ಇಲ್ಲದಾಗ ಬ್ರೇಕ್ ಪೆಡಲ್ ಒಂಚೂರು ಮುಟ್ಟಿದೆ, ಬ್ರೇಕ್ ಲೈಟ್ ಹತ್ತೋವಷ್ಟು ಮಾತ್ರ, ತಕ್ಷಣ ನಿಂತು ಹೋಯ್ತು. ಆಗ ಅರ್ಥ ಆಯ್ತು, ಇದು ಟೈರಲ್ಲ, ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ಚು.

ಇದು ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಈ ಬಾಕ್ಸಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ ಪ್ಲೇಟ್ ಬದಲು ಆಯಿಲ್ ತುಂಬಿದ ಕನ್ವರ್ಟರ್ ಇರುತ್ತೆ, ಎಂಜಿನ್ ಆಯಿಲನ್ನ ತಿರುಗಿಸುತ್ತೆ, ಆಯಿಲ್ ಗೇರನ್ನ ತಿರುಗಿಸುತ್ತೆ. ನಿಧಾನಕ್ಕೆ ಘಾಟಿ ಹತ್ತುವಾಗ ಆಯಿಲ್ ಅಲ್ಲೇ ಕಡೆದು ಕಡೆದು ಕಾಯುತ್ತೆ. ಸಪಾಟು ರೋಡಲ್ಲಿ ಒಂದು ಸ್ಪೀಡಿಗೆ ಬಂದ ಮೇಲೆ ಒಳಗಿನ ಲಾಕಪ್ ಕ್ಲಚ್ ಹಿಡಿದು ಎರಡನ್ನೂ ನೇರವಾಗಿ ಸೇರಿಸುತ್ತೆ, ಬ್ರೇಕ್ ಮುಟ್ಟಿದ ತಕ್ಷಣ ಬಿಡುತ್ತೆ. ಆ ಕ್ಲಚ್ ಜರ್ಕ್ ಇಲ್ಲದೆ ನಯವಾಗಿ ಹಿಡಿಬೇಕು ಅಂದ್ರೆ ಆಯಿಲಲ್ಲಿ ಸೇರಿಸಿರೋ ರಾಸಾಯನಿಕಗಳು ಸರಿಯಾಗಿರಬೇಕು. ಅವು ಸತ್ತ ಮೇಲೆ ಕ್ಲಚ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತೆ, ಅದೇ ನಡುಕ. ಒಂದೇ ಆಯಿಲು ಪ್ರೆಶರ್ ಕೊಡಬೇಕು, ಸವಕಳಿ ತಡೀಬೇಕು, ಬಿಸಿ ಹೊರಗೆ ಒಯ್ಯಬೇಕು, ಕ್ಲಚ್ ಹಿಡಿತಾನೂ ನೋಡ್ಕೋಬೇಕು, ಎಂಜಿನ್ ಆಯಿಲಿಗೆ ಇಷ್ಟು ಕೆಲಸ ಇಲ್ಲ, ಆದರೂ ಅದನ್ನ 10 ಸಾವಿರಕ್ಕೆ ಬದಲಾಯಿಸ್ತೀವಿ ಇದನ್ನ ಮರೆತೇ ಬಿಡ್ತೀವಿ.

ಸರ್ವಿಸ್ ಸೆಂಟರಿಗೆ ಹೋದೆ. ಸ್ಕ್ಯಾನರ್ ಹಾಕಿ, ತೊಂದರೆ ತೋರಿಸೋ ಕೋಡ್ ಏನೂ ಬಂದಿಲ್ಲ ಸಾರ್, ಇದು ಲೈಫ್ ಟೈಮ್ ಆಯಿಲ್, ಮುಟ್ಟೋ ಹಾಗಿಲ್ಲ ಅಂದ್ರು. ಯಾರ ಲೈಫು, ಗಾಡಿದಾ ವಾರಂಟಿದಾ ಅಂತ ಕೇಳಿದೆ, ಉತ್ತರ ಬರ್ಲಿಲ್ಲ. ಬಿಎಂಡಬ್ಲ್ಯೂ ಥರದ ಗಾಡಿಗಳಿಗೆ ಗೇರ್ ಬಾಕ್ಸ್ ಮಾಡಿ ಕೊಡೋ ಜರ್ಮನಿಯ ಝಡ್‌ಎಫ್ ಕಂಪನಿನೇ ತನ್ನ ಆಟೋಮ್ಯಾಟಿಕ್ ಬಾಕ್ಸುಗಳಿಗೆ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿಗೆ ಇಲ್ಲಾ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಅಂತ ಹೇಳುತ್ತೆ. ನಮ್ಮದು ಆ ಬಾಕ್ಸ್ ಅಲ್ಲ ನಿಜ, ಆದರೆ ಬಾಕ್ಸ್ ಮಾಡೋರೇ ಹೀಗೆ ಹೇಳುವಾಗ ನಮ್ಮ ಘಾಟಿಯಲ್ಲಿ, ತೋಟದ ಏರಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡೋ ನಿಧಾನದ ಗೇರು) ಹಾಕಿ ಉರುಳೋ ಗಾಡಿಗೆ ಜೀವನಪೂರ್ತಿ ಒಂದೇ ಆಯಿಲ್ ಅನ್ನೋ ಮಾತು ನನಗೆ ಒಪ್ಪಿಗೆ ಆಗ್ಲಿಲ್ಲ.

ಇನ್ನೊಂದು ಕಡೆ ಮೆಷಿನ್ ಫ್ಲಶ್ ಮಾಡಿಸಿ ಅಂದ್ರು, ಕೂಲರ್ ಪೈಪಿಗೆ ಮೆಷಿನ್ ಕೂರಿಸಿ ಹಳೇದನ್ನ ತಳ್ಳಿ ಹೊಸದು ತುಂಬೋದು, 12 ಲೀಟರ್ ಆಯಿಲ್ ಸೇರಿ 19 ಸಾವಿರ, ಅರ್ಧ ದಿನದ ಕೆಲಸ. ಪಕ್ಕದ ತೋಟದ ಅಣ್ಣ ಇನ್ನೂ ಬೇರೆ ಹೇಳಿದ್ರು, "ಮಾರಾಯ, ಲಕ್ಷ ಓಡಿದ ಬಾಕ್ಸ್ ಮುಟ್ಬೇಡ, ಆಯಿಲ್ ಬದಲಾಯಿಸಿದ ವಾರಕ್ಕೇ ಗೇರ್ ಹೋದವ್ರನ್ನ ನೋಡಿದೀನಿ". ಅವರ ಮಾತು ಸುಳ್ಳಲ್ಲ, ಆದರೆ ಅದರ ಹಿಂದಿನ ಕಾರಣ ಬೇರೆ. ಗೇರ್ ಜಾರೋಕೆ ಶುರು ಆದ ಮೇಲೆ, ಅಂದ್ರೆ ಎಂಜಿನ್ ಕೂಗುತ್ತೆ ಗಾಡಿ ಮುಂದೆ ಹೋಗಲ್ಲ ಅನ್ನೋ ಸ್ಥಿತಿಗೆ ಬಂದ ಮೇಲೆ ಜನ ಆಯಿಲ್ ಬದಲಾಯಿಸ್ತಾರೆ, ಅಷ್ಟೊತ್ತಿಗೆ ಬಾಕ್ಸ್ ಒಳಗೆ ಒಂದೊಂದು ಗೇರನ್ನ ಹಿಡಿಯೋ ಸಣ್ಣ ಕ್ಲಚ್ ಪ್ಲೇಟುಗಳೇ ತಿಂದು ಹೋಗಿರುತ್ತೆ, ಹೊಸ ಆಯಿಲ್ ಅದನ್ನ ಬೆಳೆಸಲ್ಲ, ತಪ್ಪು ಮಾತ್ರ ಆಯಿಲ್ ಮೇಲೆ ಬರುತ್ತೆ. ನನ್ನ ಗಾಡಿ ಜಾರ್ತಿರಲಿಲ್ಲ, ನಡುಗ್ತಿತ್ತು ಅಷ್ಟೇ. ಈ ವ್ಯತ್ಯಾಸ ನೋಡ್ಕೊಂಡೇ ನಾನು ತೀರ್ಮಾನ ಮಾಡಿದ್ದು, ನೀವೂ ಮೊದಲು ಅದನ್ನೇ ನೋಡಿ.

ಫ್ಲಶ್ ಯಾಕೆ ಬೇಡ ಅಂದೆ ಅಂದ್ರೆ, ಒಂದು ಸಲನೂ ಬದಲಾಯಿಸದ ಬಾಕ್ಸಲ್ಲಿ ಎಲ್ಲೆಲ್ಲೋ ಕೂತಿರೋ ಕೆಸರು ಒಂದೇ ಸಲ ಎದ್ದು ಗೇರ್ ಬದಲಾಯಿಸೋಕೆ ಆಯಿಲನ್ನ ಬೇಕಾದ ಕಡೆ ಕಳಿಸೋ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಹೋಗಿ ಕೂತ್ರೆ ಏನು ಗತಿ ಅನ್ನೋ ಭಯ. ಎಲ್ಲರಿಗೂ ಹಾಗಾಗುತ್ತೆ ಅಂತ ಹೇಳ್ತಿಲ್ಲ, ಮೊದಲಿಂದ ಸರಿಯಾಗಿ ಬದಲಾಯಿಸ್ತಾ ಬಂದ ಗಾಡಿಗೆ ಮೆಷಿನ್ ತಪ್ಪೇನಲ್ಲ. ನನ್ನಂಥ ಗಾಡಿಗೆ ನಿಧಾನವೇ ಸರಿ ಅನ್ನಿಸ್ತು.

ಹಾಸನದ ಬಿ.ಎಂ. ರೋಡ್ ಹತ್ರ ಒಂದು ಗ್ಯಾರೇಜ್, ಬರೀ ಆಟೋಮ್ಯಾಟಿಕ್ ಬಾಕ್ಸ್ ಕೆಲಸ ಮಾಡೋ ಯಜಮಾನ್ರು, ವಯಸ್ಸು ಅರವತ್ತರ ಹತ್ರ. ಅವರು ಗಾಡಿ ಓಡಿಸಿ ನೋಡಿ, ಕೆಳಗಡೆ ಹೋಗಿ ಬಂದು ಲೆಕ್ಕ ಹೇಳಿದ್ರು. ಬಾಕ್ಸಿಗೆ ಒಟ್ಟು ಹತ್ತು ಲೀಟರ್ ಹತ್ರ ಆಯಿಲ್ ಹಿಡಿಯುತ್ತೆ, ಕೆಳಗಿನ ಬೋಲ್ಟ್ ಬಿಚ್ಚಿದ್ರೆ ಮೂರೂವರೆ ಲೀಟರೇ ಬರೋದು, ಉಳಿದದ್ದು ಕನ್ವರ್ಟರ್, ಕೂಲರ್ ಒಳಗೇ ನಿಲ್ಲುತ್ತೆ. ಹಾಗಾಗಿ ಒಂದು ಸಲಕ್ಕೆ ನೂರಕ್ಕೆ 35 ಭಾಗ ಹೊಸದು. ಓಡಿಸಿ ಬೆರೆತ ಮೇಲೆ ಇನ್ನೊಂದು ಸಲ ಮಾಡಿದ್ರೆ ಹಳೇದು 42ಕ್ಕೆ ಇಳಿಯುತ್ತೆ, ಮೂರನೇ ಸಲಕ್ಕೆ 27. ಪೂರ್ತಿ ಹೋಗಲ್ಲ, ಆದರೆ ಮುಕ್ಕಾಲು ಭಾಗ ಹೊಸದಾಯ್ತು. ಪ್ರತಿ ಸಲದ ನಡುವೆ 1,500 ಕಿಲೋಮೀಟರ್ ಓಡಿಸಿ ಬನ್ನಿ ಅಂದ್ರು.

ಆಯಿಲ್ ನಾನೇ ತಂದಿದ್ದು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಒಬ್ರು ಡೆಕ್ಸ್‌ರಾನ್-3 ಡಬ್ಬ ಮುಂದೆ ಇಟ್ಟು, ಎಲ್ಲಾ ಕೆಂಪು ಆಯಿಲೂ ಒಂದೇ ಸಾರ್ ಅಂದ್ರು. ಖಂಡಿತಾ ಒಂದೇ ಅಲ್ಲ. ಅದನ್ನ ಪವರ್ ಸ್ಟೀರಿಂಗಿಗೂ ಹಾಕ್ತಾರೆ, ಹಳೇ ಕಾಲದ ಬಾಕ್ಸಿಗೂ ಹಾಕ್ತಾರೆ, ಈಗಿನ ಆರು ಗೇರಿನ ಬಾಕ್ಸುಗಳು ತೆಳು ಆಯಿಲ್ ಕೇಳ್ತವೆ, ಸಿವಿಟಿ ಅಂದ್ರೆ ಗೇರಿನ ಬದಲು ಬೆಲ್ಟಲ್ಲಿ ಓಡೋ ಬಾಕ್ಸ್, ಅದರ ಆಯಿಲ್ ಅಂತೂ ಬೇರೆನೇ. ಬ್ರ್ಯಾಂಡ್ ಯಾವುದಾದ್ರೂ ಇರ್ಲಿ, ಗಾಡಿ ಪುಸ್ತಕದಲ್ಲಿ ಬರೆದಿರೋ ಸ್ಪೆಸಿಫಿಕೇಶನ್ ಡಬ್ಬದ ಮೇಲೆ ಅಕ್ಷರ ಅಕ್ಷರ ಹೊಂದಬೇಕು.

ಮಾರ್ಚಲ್ಲಿ ಕೊಯ್ಲಿನ ಗಲಾಟೆ ಮುಗಿದ ಮೇಲೆ ಮೊದಲ ಸಲ. ರಾತ್ರಿನೇ ಗಾಡಿ ಬಿಟ್ಟಿದ್ದೆ, ಬೆಳಿಗ್ಗೆ ಹೋದಾಗ ತಣ್ಣಗಿತ್ತು. ಹುಡುಗ ಸೀದಾ ಕೆಳಗಿನ ಬೋಲ್ಟಿಗೆ ಸ್ಪ್ಯಾನರ್ ಹಾಕೋಕೆ ಹೋದ, ಯಜಮಾನ್ರು ಕೈ ಹಿಡಿದು ನಿಲ್ಲಿಸಿದ್ರು. "ಮೊದ್ಲು ಆಯಿಲ್ ಹಾಕೋ ಬೋಲ್ಟ್ ಬಿಚ್ಚು. ಇಳಿಸಿದ ಮೇಲೆ ಅದು ಬರ್ಲಿಲ್ಲ ಅಂದ್ರೆ ಇವರ ಗಾಡಿ ಇಲ್ಲೇ ನಿಂತ್ಕೊಳುತ್ತೆ." ಈ ಒಂದು ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಕೂತ್ಕೊಂಡ್ತು. ಕೆಳಗೆ ಬಂದ ಆಯಿಲು ಕಪ್ಪು ಕಂದು, ಡಿಕಾಕ್ಷನ್ ಥರ, ಸ್ವಲ್ಪ ಸೀದ ವಾಸನೆ ಇತ್ತು ಆದರೆ ಘಾಟು ಇರಲಿಲ್ಲ. ಹೊಸದು ಪುನರ್ಪುಳಿ ಶರಬತ್ತಿನ ಕೆಂಪು. ಎರಡನ್ನೂ ಬಿಳಿ ಬಟ್ಟೆ ಮೇಲೆ ಒಂದೊಂದು ಹನಿ ಬಿಟ್ಟು ತೋರಿಸಿದ್ರು. ಹಳೇದನ್ನ ಬೆರಳಲ್ಲಿ ಉಜ್ಜಿ ನೋಡಿದೆ, ಚೂರು ಚಕ್ಕೆ ಏನೂ ತಾಗಲಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟೋರಿಗೆ ಒಂದು ಮಾತು, ಆಯಿಲ್ ಗುಲಾಬಿ ಹಾಲಿನ ಥರ ಬಂದ್ರೆ ನೀರೋ ಕೂಲಂಟೋ ಸೇರಿದೆ ಅಂತ ಅರ್ಥ, ಆಗ ಇದ್ಯಾವುದೂ ಸಾಕಾಗಲ್ಲ, ಗಾಡಿ ಸ್ಟಾರ್ಟೇ ಮಾಡ್ಬೇಡಿ.

ಇಳಿದದ್ದನ್ನ ಅಳತೆ ಮಾಡಿ ಅಷ್ಟೇ ಹೊಸದು ಹ್ಯಾಂಡ್ ಪಂಪಲ್ಲಿ ಹಾಕಿ, ಆಮೇಲೆ ಮುಖ್ಯ ಕೆಲಸ ಲೆವೆಲ್ ನೋಡೋದು. ಈ ಬಾಕ್ಸುಗಳಿಗೆ ಆಯಿಲ್ ಎಷ್ಟಿದೆ ಅಂತ ಅದ್ದಿ ನೋಡೋ ಡಿಪ್ ಸ್ಟಿಕ್ ಇಲ್ಲ. ಗಾಡಿ ಸಮತಟ್ಟಾಗಿ ಲಿಫ್ಟಲ್ಲಿ ಇರಬೇಕು, ಎಂಜಿನ್ ಓಡ್ತಿರಬೇಕು, ಬ್ರೇಕ್ ಒತ್ತಿ ಗೇರ್ ಲಿವರನ್ನ ಪಿ (ಪಾರ್ಕ್) ಇಂದ ಡಿ (ಡ್ರೈವ್) ತನಕ ಒಂದೊಂದರಲ್ಲೂ ಒಂದೆರಡು ಸೆಕೆಂಡು ನಿಲ್ಲಿಸಿ ವಾಪಸ್ ತರಬೇಕು, ಸ್ಕ್ಯಾನರಲ್ಲಿ ಆಯಿಲ್ ಟೆಂಪರೇಚರ್ ನೋಡ್ತಾ ಇರಬೇಕು. ನಮ್ಮ ಗಾಡಿಗೆ 40 ಡಿಗ್ರಿ ಆಸುಪಾಸು, ನಿಮ್ಮದಕ್ಕೆ ಎಷ್ಟು ಅಂತ ನಿಮ್ಮ ಗಾಡಿ ಮ್ಯಾನ್ಯುಯಲ್ ನೋಡಿ. 26, 31, 35 ಅಂತ ಏರ್ತಿತ್ತು, ಹುಡುಗ ಓದಿ ಓದಿ ಹೇಳ್ತಿದ್ದ, 39ಕ್ಕೆ ಬಂದಾಗ ಲೆವೆಲ್ ಬೋಲ್ಟ್, ಅಂದ್ರೆ ಜಾಸ್ತಿ ಇದ್ದ ಆಯಿಲ್ ಹೊರಗೆ ಬರೋ ಬೋಲ್ಟ್, ಬಿಚ್ಚಿದ್ರು. ಮೊದಲು ದಾರದ ಥರ ಸುರೀತು, ಆಮೇಲೆ ತೆಳ್ಳಗಾಗಿ ಹನಿ ಹನಿ ಆಯ್ತು, ಆ ಹನಿಗೇ ಬೋಲ್ಟ್ ಹಾಕಿ ಬಿಗಿದ್ರು. ಬಿಸಿ ಗಾಡಿಯಲ್ಲಿ ಮಾಡಿದ್ರೆ ಆಯಿಲ್ ಉಬ್ಬಿರುತ್ತೆ, ಬೇಕಾದ್ದೂ ಹೊರಗೆ ಹೋಗಿ ತಣ್ಣಗಾದ ಮೇಲೆ ಕಮ್ಮಿ ಬೀಳುತ್ತೆ. ಕಮ್ಮಿ ಆದ್ರೆ ಗೇರ್ ಜಾರುತ್ತೆ, ಜಾಸ್ತಿ ಆದ್ರೆ ನೊರೆ ಬರುತ್ತೆ. ನಿಮ್ಮ ಮೆಕ್ಯಾನಿಕ್ಕಿಗೆ ಈ ಟೆಂಪರೇಚರ್ ವಿಷಯ ಕೇಳಿ, ಅದೇನು ಬೇಡ ಅಂದ್ರೆ ಗಾಡಿ ತಿರುಗಿಸ್ಕೊಂಡು ಬನ್ನಿ.

ಒಂದು ಸಲಕ್ಕೆ ಆಯಿಲ್ ನಾಲ್ಕು ಲೀಟರ್, ವಾಷರ್, ಕೂಲಿ ಸೇರಿ ಐದೂವರೆ ಸಾವಿರ ಆಯ್ತು. ಮೂರಕ್ಕೆ ಹದಿನಾರೂವರೆ, ಅಂದ್ರೆ ಫ್ಲಶ್ಶಿಗಿಂತ ಬಹಳ ಕಮ್ಮಿ ಏನಲ್ಲ, ಮೂರು ದಿನ ಹಾಸನಕ್ಕೆ ಓಡಾಟ ಬೇರೆ. ಉಳಿತಾಯಕ್ಕೆ ಅಂತ ಈ ದಾರಿ ಹಿಡಿಬೇಡಿ.

ಮೊದಲ ಸಲದ ಮೇಲೆ ನಡುಕ ಅರ್ಧ ಕಮ್ಮಿ ಆಯ್ತು, ವಾಪಸ್ ಬರುವಾಗ ಅದೇ ಹಗರೆ ರೋಡಲ್ಲಿ ಬೇಕಂತಲೇ 60ರಲ್ಲಿ ಹಿಡಿದು ನೋಡಿದೆ, ಎರಡು ಸಲ ಮಾತ್ರ ಬಂತು. ಏಪ್ರಿಲಲ್ಲಿ ಎರಡನೇ ಸಲ, ಆಗ ಕೆಳಗಿನ ಪ್ಯಾನ್ ಕೂಡ ಬಿಚ್ಚಿಸಿದೆ. ಒಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್, ವಿಭೂತಿ ಕಲಸಿದ ಹಾಗೆ. ಅದು ಸಹಜವಾದ ಸವಕಳಿ, ಸೂಜಿ ಥರ ಚಕ್ಕೆ ಸಿಕ್ಕಿದ್ರೆ ಯೋಚನೆ ಮಾಡ್ಬೇಕಿತ್ತು. ಒರೆಸಿ, ಹೊಸ ಗ್ಯಾಸ್ಕೆಟ್ ಹಾಕಿ, ಸಣ್ಣ ಬೋಲ್ಟುಗಳನ್ನ ಟಾರ್ಕ್ ರೆಂಚಲ್ಲಿ ಬಿಗಿದ್ರು, ಜೋರಾಗಿ ತಿರುಗಿಸಿದ್ರೆ ಅಲ್ಯುಮಿನಿಯಂ ತ್ರೆಡ್ಡೇ ಹೋಗುತ್ತೆ. ಅವತ್ತಿಂದ ನಡುಕ ಪೂರ್ತಿ ಹೋಯ್ತು.

ಆದರೆ ಎರಡನೇ ಸಲ ಒಂದು ತೊಂದರೆನೂ ಆಯ್ತು, ಅದನ್ನ ಮುಚ್ಚಿಡಲ್ಲ. ಮನೆಗೆ ಬಂದ ಮಾರನೇ ದಿನ ಕಾಫಿ ಒಣಗಿಸೋ ಕಣದ ಸಿಮೆಂಟ್ ಮೇಲೆ ಕೆಂಪು ಹನಿ ಬಿದ್ದಿತ್ತು, ಕಾಸಿನಗಲ ಮೂರು. ಡ್ರೈನ್ ಬೋಲ್ಟಿಗೆ ಹುಡುಗ ಹಳೇ ವಾಷರ್ರೇ ಹಾಕಿದ್ದ. ಫೋನ್ ಮಾಡಿದೆ, ಯಜಮಾನ್ರು ವಾದ ಮಾಡ್ಲಿಲ್ಲ, ಗಾಡಿ ತನ್ನಿ ಅಂದ್ರು, ವಾಷರ್ ಬದಲಾಯಿಸಿ ಲೆವೆಲ್ ಮತ್ತೆ ನೋಡಿ ಕೊಟ್ರು, ದುಡ್ಡು ತಗೊಳ್ಳಲಿಲ್ಲ. ನನ್ನ ಒಂದು ದಿನ ಹೋಯ್ತು. ಮೂರನೇ ಸಲ ಮೇ ಕೊನೆಗೆ, ಮಳೆ ಹಿಡಿಯೋ ಮೊದಲು, ಆಗ ವಾಷರ್ ನಾನೇ ಕೈಲಿ ಹಿಡ್ಕೊಂಡು ನಿಂತಿದ್ದೆ.

ಇಳಿಸಿದ ಆಯಿಲನ್ನ ಮನೆಗೆ ತರ್ಬೇಡಿ. ನಮ್ಮ ಕಡೆ ಬೇಲಿ ಗೂಟಕ್ಕೆ ಗೆದ್ದಲು ಹಿಡಿಬಾರದು ಅಂತ ಹಳೇ ಆಯಿಲ್ ಬಳಿಯೋ ರೂಢಿ ಇದೆ, ನಮ್ಮಪ್ಪನೂ ಮಾಡ್ತಿದ್ರು. ಮೊದಲ ಮಳೆಗೇ ಅದು ಹಳ್ಳ ಸೇರುತ್ತೆ, ಅದೇ ಹಳ್ಳದ ನೀರು ಕೆಳಗಿನ ಮನೆಯವರು ಕುಡಿಯೋದು. ಗ್ಯಾರೇಜಲ್ಲಿ ಡ್ರಮ್ಮಿಗೆ ಹಾಕಿ ರೀಸೈಕ್ಲಿಂಗಿನವರಿಗೆ ಕೊಡ್ತಾರೆ, ಅಲ್ಲೇ ಬಿಟ್ಟು ಬನ್ನಿ.

ಈಗ ಮೀಟರ್ 1,38,000. ಒಂದು ಪೂರ್ತಿ ಮಳೆಗಾಲ, ಒಂದು ಕೊಯ್ಲು ಆಯ್ತು. ನಡುಕ ಒಂದು ಸಲನೂ ವಾಪಸ್ ಬಂದಿಲ್ಲ. ಚಳಿಗಾಲದ ಬೆಳಿಗ್ಗೆ ಮೊದಲ ಕಿಲೋಮೀಟರಲ್ಲಿ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಸ್ವಲ್ಪ ಗಟ್ಟಿ ಅನ್ನಿಸುತ್ತೆ, ಅದು ಮೊದಲೂ ಇತ್ತು, ಈಗಲೂ ಇದೆ. ಸಣ್ಣ ಬ್ಲೂಟೂತ್ ಸ್ಕ್ಯಾನರ್ ತಗೊಂಡು ಟೆಂಪರೇಚರ್ ನೋಡೋದು ಅಭ್ಯಾಸ ಆಗಿದೆ, ಬೇಲೂರು ಹಾಸನ ರೋಡಲ್ಲಿ 85ರ ಹತ್ರ ಇರುತ್ತೆ, ಲೋಡ್ ಹಾಕ್ಕೊಂಡು ಲಾರಿ ಹಿಂದೆ ಚಾರ್ಮಾಡಿ ಹತ್ತಿದ್ರೆ 108 ತನಕ ಹೋಗಿದ್ದು ನೋಡಿದೀನಿ. ಅದಕ್ಕೆ ಈಗ ಘಾಟಿ ಹತ್ತುವಾಗ ಮ್ಯಾನ್ಯುಯಲ್ ಮೋಡಲ್ಲಿ ಕೆಳಗಿನ ಗೇರ್ ಹಿಡಿದು ಹೋಗ್ತೀನಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಕೆ ನಿಲ್ಲಿಸಿದಾಗ ತಕ್ಷಣ ಆಫ್ ಮಾಡದೆ ಎರಡು ನಿಮಿಷ ಐಡಲಲ್ಲಿ ಬಿಡ್ತೀನಿ. ಇಳಿಯುವಾಗ್ಲೂ ಎರಡನೇ ಗೇರು, ನ್ಯೂಟ್ರಲ್ ಮಾಡಿ ಬಿಡೋರು ದಯವಿಟ್ಟು ಆ ಅಭ್ಯಾಸ ಬಿಡಿ, ಎಂಜಿನ್ ಹಿಡಿತ ಹೋಗಿ ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತೆ.

ಗ್ಯಾರೇಜಿಗೆ ಐದಕ್ಕೆ ನಾಲ್ಕು ಕೊಡ್ತೀನಿ, ಆ ವಾಷರ್ ಒಂದಕ್ಕೆ ಒಂದು ಕಮ್ಮಿ. ಮುಂದಿನ ಸಲ 1,45,000ಕ್ಕೆ, ಒಂದೇ ಸಲ ಇಳಿಸಿ ಹಾಕಿದ್ರೆ ಸಾಕು ಅಂದಿದಾರೆ, ಅಲ್ಲಿಂದ ಮುಂದೆ 40 ಸಾವಿರಕ್ಕೊಂದು ಸಲ ಅಂತ ಇಟ್ಕೊಂಡಿದೀನಿ. ನಾಲ್ಕು ಲೀಟರ್ ಆಯಿಲ್ ಆಗ್ಲೇ ತಂದಿಟ್ಟಾಗಿದೆ, ವಾಷರ್ ಎರಡು ಡ್ಯಾಶ್ ಬೋರ್ಡಲ್ಲಿ ಇದಾವೆ.